ಜಿಪ್ಸಿ ಹಿಂದಿನ ಬಾಗಿಲು ಜೋತುಬಿದ್ದಿದೆ, ಹಿಂಜು ಮನೇಲೇ ಬದಲಾಯಿಸ್ಬಹುದಾ?

ಬಿಸ್ಲೆ_ಜಿಪ್ಸಿ
ಎಲ್ರಿಗೂ ನಮಸ್ಕಾರ. ನಂದು 1999ರ ಮಾರುತಿ ಜಿಪ್ಸಿ ಕಿಂಗ್, ಹಾರ್ಡ್ ಟಾಪ್, ಕಾರ್ಬುರೇಟರ್ ಗಾಡಿ. ಸಕಲೇಶಪುರದ ಹತ್ರ ನಮ್ಮ ತೋಟದಲ್ಲೇ ಜಾಸ್ತಿ ಓಡೋದು, ಅಪ್ಪ ತಗೊಂಡಿದ್ದು ಈಗ ನಾನು ಓಡಿಸ್ತಾ ಇದೀನಿ. ವಿಷಯ ಏನಂದ್ರೆ ಹಿಂದಿನ ಬಾಗಿಲು ಲಾಕ್ ಕಡೆ ಜೋತುಬಿದ್ದಿದೆ, ಸ್ಕೇಲ್ ಇಟ್ಟು ನೋಡಿದ್ರೆ 8 ಎಂಎಂ ಕೆಳಗಿದೆ. ಮುಚ್ಬೇಕು ಅಂದ್ರೆ ಹ್ಯಾಂಡಲ್ ಹಿಡ್ದು ಮೇಲೆತ್ತಿ ಮೊಣಕಾಲು ಕೊಟ್ಟು ದಬ್ಬಬೇಕು, ಅಪ್ಪಂಗೆ ಈಗ ಅದು ಆಗಲ್ಲ. ಕಲ್ಲು ರಸ್ತೇಲಿ ಹಿಂದಿನಿಂದ ಲೊಡಲೊಡ ಅಂತ ಒಂದೇ ಸಮ ಸದ್ದು, ಮಳೆಗಾಲದಲ್ಲಿ ಕೆಳಗಿನ ಮೂಲೆಯಿಂದ ನೀರು ಒಳಗೆ ಬಂದು ಹೋದ ವರ್ಷ ಎರಡು ಮೂಟೆ ಗೊಬ್ಬರ ಕರಗೇ ಹೋಯ್ತು.

ಸ್ಟೆಪ್ನಿ ಬಾಗಿಲ ಮೇಲೇ ಇದೆ. ಮೂರು ವರ್ಷದ ಹಿಂದೆ 235/75 ಆರ್15 ಎಟಿ (ಆಲ್ ಟೆರೇನ್) ಟೈರ್ ಹಾಕಿಸ್ದೆ, ಐದನೇದೂ ಅದೇ ಸೈಜು. ಗ್ಯಾರೇಜಿನಲ್ಲಿ ತೋರಿಸ್ದಾಗ ಲಾಕಿನ ಕೊಕ್ಕೆ ಬಿಚ್ಚಿ ಸ್ವಲ್ಪ ಕೆಳಗಿಳಿಸಿ ಕೊಟ್ರು, ಎರಡು ತಿಂಗಳು ಸರಿ ಇತ್ತು ಆಮೇಲೆ ಮತ್ತೆ ಅದೇ. ಹಿಂಜೇ ಬದಲಾಯಿಸಬೇಕಾ? ಮನೇಲಿ ಆಗುತ್ತಾ? ನನ್ನ ಹತ್ರ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಜಾಕಿ, ಡ್ರಿಲ್ ಮಷೀನ್ ಇದೆ. ವೆಲ್ಡಿಂಗ್ ಇಲ್ಲ.

ಮಂಡ್ಯ_ಮಿಲ್ಟ್ರಿಗಾಡಿ
ಆಯ್ತದೆ ಕಣಣ್ಣ, ಧಾರಾಳ್ವಾಗಿ ಆಯ್ತದೆ. ನಂದು ಮಿಲ್ಟ್ರಿ ಹರಾಜಿಂದ ಬಂದಿದ್ ಗಾಡಿ, ನಾನೂ ನಮ್ ಅಳಿಯನೂ ಸೇರಿ ಒಂದೇ ಭಾನ್ವಾರ ಮುಗಿಸಿದ್ವಿ. ಆದ್ರೆ ಮೊದ್ಲು ಆ ಕೊಕ್ಕೆ ಇಳ್ಸಿದ್ರಲ್ಲ ಅದುನ್ನ ವಾಪಸ್ ಮೇಲಕ್ಕೆ ತನ್ನಿ. ಬಾಗ್ಲು ಕೆಳಗ್ ಬಂತು ಅಂತ ಕೊಕ್ಕೆನೂ ಕೆಳಗ್ ಇಳ್ಸೋದು ಅಂದ್ರೆ ಕಾಯ್ಲೆನ ಹಂಗೇ ಬುಟ್ಟು ನೋವಿನ್ ಮಾತ್ರೆ ನುಂಗ್ದಂಗೆ.

ಧಾರ್ವಾಡ_ಬೊಲೆರೊ
ನಮ್ಮ ಕಡೆ ಇದಕ್ಕ ಬಿಜಾಗ್ರಿ ಅಂತೀವ್ರಿ, ಮನಿ ಬಾಗ್ಲದ್ದೂ ಅದ, ಗಾಡಿದೂ ಅದ. ಅಣ್ಣಾರ, ಹೊಸಾದು ತರೂದಕ್ಕಿಂತ ಮೊದ್ಲ ಬೋಲ್ಟ್ ನೋಡ್ರಿ. ನನ್ನ ಬೊಲೆರೊದಾಗೂ ಹಿಂಗ ಆಗಿತ್ತು, ಬಿಜಾಗ್ರಿ ಹೋಗ್ಯಾವ ಅಂತ ತಿಳ್ಕೊಂಡು ರೊಕ್ಕಾ ಕೊಟ್ಟು ತಂದೆ, ಬಿಚ್ಚಾಕ ಪಾನಾ ಹಚ್ಚಿದ್ರ ಮ್ಯಾಲಿನ ಎರಡು ಬೋಲ್ಟ್ ಕೈಲೇ ತಿರಗ್ಯಾಕತ್ತಿದ್ವು. ಬಿಗಿ ಮಾಡಿದ್ಮ್ಯಾಲ ಮುಕ್ಕಾಲು ತ್ರಾಸ ಹೋತು. ತಂದ ಹೊಸಾವು ಇನ್ನೂ ಹಂಗ ಡಬ್ಬ್ಯಾಗ ಅದಾವ.

ಲೇತ್_ಶಿವಮೊಗ್ಗ
ಧಾರವಾಡದೋರು ಹೇಳಿದ್ದು ಸರಿ, ಮೊದ್ಲು ಆಟ, ಅಂದ್ರೆ ಸಡಿಲ, ಎಲ್ಲಿದೆ ಅಂತ ಗೊತ್ತಾಗಬೇಕು. ನಮ್ದು ಲೇತ್ ಅಂಗಡಿ, ವರ್ಷಕ್ಕೆ ಇಂಥ ಹಿಂಜು ಸುಮಾರು ಬರ್ತವೆ, ಅದರಲ್ಲಿ ಒಂದಷ್ಟು ಜನ ತಪ್ಪು ಪಾರ್ಟ್ ಹಿಡ್ಕೊಂಡು ಬಂದಿರ್ತಾರೆ.

ಹೀಗೆ ಮಾಡಿ. ಸ್ಟೆಪ್ನಿ ಇಳಿಸಬೇಡಿ, ಭಾರ ಇರಲಿ. ಬಾಗಿಲು ಅರ್ಧ ತೆಗೆದು ಒಬ್ಬರು ಲಾಕ್ ಕಡೆ ತುದೀನ ಹಿಡ್ದು ಮೇಲೆ ಕೆಳಗೆ ನಿಧಾನ ಆಡಿಸಲಿ, ಇನ್ನೊಬ್ಬರು ಹಿಂಜಿಗೆ ಟಾರ್ಚ್ ಹಿಡ್ದು ಕೂತ್ಕೊಳ್ಳಿ. ಹಿಂಜಿನ ಎರಡೂ ಎಲೆ (ಬೋಲ್ಟ್ ಹಾಕೋ ಪಟ್ಟಿ) ಅಲ್ಲಾಡದೆ ಮಧ್ಯ ಗೆಣ್ಣಲ್ಲಿ (ಪಿನ್ ಕೂರೋ ಕೊಳವೆ) ಮಾತ್ರ ಪಿನ್ ಸುತ್ತ ಕಪ್ಪು ಸಂದು ತೆರೆದು ಮುಚ್ಚಿ ಆಗ್ತಾ ಇದ್ರೆ ಪಿನ್ ಸವೆದಿದೆ. ಎಲೆನೇ ಬಾಡಿ ಮೇಲೆ ಜಾರ್ತಾ ಇದ್ರೆ ಬೋಲ್ಟ್ ಸಡಿಲ. ಎಲೆ ಜೊತೆಗೆ ಬಾಡಿ ಶೀಟೇ ಉಸಿರಾಡಿದಂಗೆ ಒಳಗೆ ಹೊರಗೆ ಆಗ್ತಾ ಇದ್ರೆ ಅಲ್ಲಿ ಬಿರುಕು ಇದೆ ಅಂತ ಅರ್ಥ, ಹಿಂಜು ಬದಲಾಯಿಸಿ ಪ್ರಯೋಜನ ಇಲ್ಲ. ಮೂರೂ ಒಟ್ಟಿಗೆ ಇರೋದೂ ಉಂಟು.

ಒಂದು ಲೆಕ್ಕ ಹೇಳ್ತೀನಿ, ಮೇಲಿನ ಹಿಂಜೇ ಯಾಕೆ ಮೊದಲು ಹೋಗುತ್ತೆ ಅಂತ ಗೊತ್ತಾಗುತ್ತೆ. ಬಾಗಿಲು ಸ್ಟೆಪ್ನಿ ಸೇರಿ 40 ಕೆಜಿ ಅಂತ ಇಟ್ಕೊಳ್ಳಿ, ಆ ಭಾರದ ನಡು ಹಿಂಜಿನಿಂದ ಒಂದೂವರೆ ಅಡಿ ದೂರ, ಎರಡು ಹಿಂಜಿನ ನಡುವಿನ ಅಂತರ ಒಂದೂಕಾಲು ಅಡಿ. ಆಗ ಗಾಡಿ ಸುಮ್ನೆ ನಿಂತಿದ್ರೂ ಮೇಲಿನ ಹಿಂಜನ್ನ ಪಕ್ಕಕ್ಕೆ ಎಳೀತಿರೋ ಬಲ 48 ಕೆಜಿ, ಕೆಳಗಿನದ್ರ ಮೇಲೆ ಅಷ್ಟೇ ಬಲ ಎದುರು ದಿಕ್ಕಿಗೆ. ಗುಂಡಿಗೆ ಇಳಿದು ಎದ್ದಾಗ ಅದು ಎಷ್ಟು ಪಟ್ಟು ಆಗುತ್ತೆ ನೀವೇ ಯೋಚಿಸಿ. ಸವೆತನೂ ಹಾಗೇ ದೊಡ್ಡದಾಗಿ ಕಾಣುತ್ತೆ, ಮೇಲಿನ ಪಿನ್ನಲ್ಲಿ ಒಂದು ಎಂಎಂ ಆಟ ಬಂದ್ರೆ ಮೂರು ಅಡಿ ಆಚೆ ಲಾಕ್ ಹತ್ರ ಎರಡು ಎಂಎಂ ಮೇಲೇ ಇಳಿಯುತ್ತೆ.

ಬಿಸ್ಲೆ_ಜಿಪ್ಸಿ
ತುಂಬಾ ಥ್ಯಾಂಕ್ಸ್ ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಸಂಜೆ ತಮ್ಮನ್ನ ಕೂರಿಸ್ಕೊಂಡು ನೋಡ್ತೀನಿ.

ಕಾಫಿ_ಕಣ
ನೋಡೋವಾಗ ಬಿರುಕಿನ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ನಮ್ದು ಮಡಿಕೇರಿ ಹತ್ರ, ಗಾಡಿ ಪೂರ್ತಿ ನಾನೇ ನೋಡ್ಕೊಳ್ಳೋದು. ನನ್ನ ಜಿಪ್ಸೀಲಿ ಎರಡು ಸಲ ಹಿಂಜು ಬದಲಾಯಿಸಿದ್ವಿ, ಎರಡು ಸಲನೂ ಆರು ತಿಂಗಳಲ್ಲಿ ಬಾಗಿಲು ಮತ್ತೆ ಇಳೀತು. ಮೂರನೇ ಸಲ ನಾನೇ ಕೂತು ಮೇಲಿನ ಹಿಂಜಿನ ಸುತ್ತ ಪೇಂಟನ್ನ ಎಮರಿ ಪೇಪರಲ್ಲಿ ಉಜ್ಜಿದ್ರೆ, ಬೋಲ್ಟ್ ತೂತಿಂದ ಕೆಳಕ್ಕೆ ಕೂದಲೆಳೆ ಹಾಗೆ ಒಂದು ಗೆರೆ. ಮೊದ್ಲು ಗೀರು ಅಂದ್ಕೊಂಡೆ. ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಹತ್ತು ನಿಮಿಷ ಬಿಟ್ಟೆ, ಬಿರುಕಿನ ಒಳಗೆ ಹೋಗಿದ್ದ ಎಣ್ಣೆ ಹೊರಗೆ ಬಂದು ಬಿಳಿ ಪುಡಿ ಮೇಲೆ ಒದ್ದೆ ಗೆರೆ ಮೂಡ್ತು, ಎರಡು ಇಂಚು ಉದ್ದ.

ಅದನ್ನ ಟಿಂಕರಿಂಗ್ ಅಂಗಡೀಲಿ ಒಳಗಿಂದ 3 ಎಂಎಂ ಪ್ಲೇಟ್ ಕೊಟ್ಟು ವೆಲ್ಡ್ ಮಾಡಿಸ್ದೆ. ಜಿಪ್ಸಿ ಪೆಟ್ರೋಲ್ ಟ್ಯಾಂಕ್ ಹಿಂದುಗಡೆ ಅಡೀಲೇ ಇರೋದ್ರಿಂದ ಇಲ್ಲಿ ಬೆಂಕಿ ಕೆಲಸ ಅಂದ್ರೆ ಟ್ಯಾಂಕ್ ಇಳಿಸಿ ದೂರ ಇಡಿಸಿ, ಬ್ಯಾಟರಿ ಕನೆಕ್ಷನ್ ತೆಗೆಸಿ. "ಒಂದು ಟಾಕಾ ಅಷ್ಟೇ ಮೇಡಂ, ಏನಾಗಲ್ಲ" ಅಂತಾರೆ, ಒಪ್ಕೋಬೇಡಿ.

ಕುಡ್ಲ_4ಬೈ4
ಅಕ್ಕ ಹೇಳಿದ್ದು ನೂರಕ್ಕೆ ನೂರು. ಬೋಲ್ಟ್ ಕಚ್ಚಿಕೊಂಡಿದೆ ಅಂತ ಗ್ಯಾಸ್ ಟಾರ್ಚ್ ಹಿಡಿಯುವುದು ಕೂಡ ಬೇಡ ಮಾರಾಯ್ರೆ, ನಮ್ಮಲ್ಲಿ ಒಬ್ಬರು ಹಾಗೆ ಮಾಡ್ಲಿಕ್ಕೆ ಹೋಗಿ ಬಾಗಿಲ ಸುತ್ತಿನ ಬೀಡಿಂಗ್ ರಬ್ಬರ್‌ಗೆ ಬೆಂಕಿ ಹತ್ತಿ ಮತ್ತೆ ಹೇಗೋ ಗೋಣಿ ಒದ್ದೆ ಮಾಡಿ ಹಾಕಿ ನಂದಿಸಿದ್ದು. ಎರಡು ದಿನ ಮುಂಚೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ, ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ. ಅದು ಸಿಗದಿದ್ದರೆ ಡೀಸೆಲ್ ಕೂಡ ಆಗ್ತದೆ, ನಿಧಾನ ಅಷ್ಟೆ. ಕರಾವಳಿಯ ಉಪ್ಪು ಗಾಳಿಗೆ ನಮಗೆ ಇದು ದಿನಾ ಇದ್ದದ್ದೇ.

ಮತ್ತೊಂದು, ಕೆಲವು ಗಾಡಿಗಳಲ್ಲಿ ಹಿಂಜಿಗೆ ಬೋಲ್ಟ್ ಬದಲು ದೊಡ್ಡ ಪ್ಲಸ್ ತಲೆ ಸ್ಕ್ರೂ ಉಂಟು. ಅದಕ್ಕೆ ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಹಾಳಾಗಿ ಮತ್ತೆ ಡ್ರಿಲ್ ಮಾಡುವ ಗತಿ. ಸುತ್ತಿಗೆಯಿಂದ ಹೊಡೆಯುವಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಸಿಗ್ತದೆ, ಅದನ್ನು ತೆಗೊಳ್ಳಿ.

ಬಿಸ್ಲೆ_ಜಿಪ್ಸಿ
ನೋಡ್ದೆ. ಮೇಲಿನ ಹಿಂಜಲ್ಲಿ ಪಿನ್ ಸುತ್ತ ಸಂದು ಕಣ್ಣಿಗೇ ಕಾಣ್ತಿದೆ, ಬಾಗಿಲು ಎತ್ತಿದಾಗೆಲ್ಲ ಕೆಂಪು ಪುಡಿ ಉದುರುತ್ತೆ ಕುಂಕುಮದ ಥರ. ಕೆಳಗಿನದ್ರಲ್ಲಿ ಸ್ವಲ್ಪ ಆಟ. ಬೋಲ್ಟ್ ಬಿಗಿಯಾಗೇ ಇದಾವೆ. ಅಕ್ಕ, ನೀವು ಹೇಳಿದ ಹಾಗೆ ಪೇಂಟ್ ಉಜ್ಜಿ ಸೀಮೆಸುಣ್ಣ ಹಚ್ಚಿ ನೋಡ್ದೆ, ಗೆರೆ ಏನೂ ಬರ್ಲಿಲ್ಲ, ಜೀವ ಬಂತು. ಹಂಗಾದ್ರೆ ಹೊಸ ಹಿಂಜು ತರೋದು ತಾನೇ?

ಮಂಡ್ಯ_ಮಿಲ್ಟ್ರಿಗಾಡಿ
ಬೆಂಗ್ಳೂರಿಗ್ ಹೋಗಂಗಿದ್ರೆ ಜೆಸಿ ರೋಡಲ್ಲಿ ಹೊಸಾದು ಸಿಕ್ತದೆ, ಶಿವಾಜಿನಗ್ರದ್ ಗುಜ್ರೀಲಿ ಹಳೇ ಗಾಡಿ ಬಿಚ್ಚಿದ್ದು ಸಿಕ್ತದೆ. ಜಿಪ್ಸಿ 2019ರ ಹೊತ್ಗೆ ಮಾರ್ಕೆಟ್ಟಿಂದ ಹೋಯ್ತು ಅಂತ ಗಾಬ್ರಿ ಬೀಳ್ಬೇಡಿ, ಮಿಲ್ಟ್ರೀಲಿ ಓಡೋ ಗಾಡಿ ಸಾವ್ರಾರು, ಪಾರ್ಟ್ ಸಿಕ್ತಾನೇ ಇರ್ತದೆ. ಅಂಗ್ಡೀಲೇ ಎಲೆ ಎರಡೂ ಕೈಲ್ ಹಿಡ್ದು ತಿರ್ಚಿ ನೋಡಿ, ಹೊಸಾದ್ರಲ್ಲೇ ಕಟಕಟ ಅಂದ್ರೆ ಅಲ್ಲೇ ಇಟ್ಟು ಬನ್ನಿ. ಮೇಲಿಂದೂ ಕೆಳಗಿಂದೂ ಒಂದೇ ಅಂತ ತಿಳ್ಕೊಬೇಡಿ, ಹಳೇದ್ರ ತೂತಿಂದ ತೂತಿಗೆ ಅಳ್ತೆ ಬರ್ಕೊಂಡು ಫೋಟೋ ಹೊಡ್ಕೊಂಡ್ ಹೋಗಿ.

ಸಂಡೂರ್_ಕೆಂಪುಧೂಳು
ನಮ್ಮಲ್ಲಿ ಅದಿರಿನ ಧೂಳು, ಹಿಂಜಿಗೆ ಗ್ರೀಸ್ ಹಚ್ಚಿದ್ರೆ ಧೂಳು ಅಂಟಿ ಅದೇ ಉಜ್ಜೋ ಪೇಸ್ಟ್ ಆಗಿಬಿಡ್ತದೆ. ಮೊದ್ಲು ನಾನು ವಾರಕ್ಕೊಂದ್ಸಲ ಗ್ರೀಸ್ ಹಾಕ್ತಿದ್ದೆ, ಹಾಕಿದಷ್ಟೂ ಬೇಗ ಸವೀತು. ಈಗ ಹಾಕೋಕ್ ಮುಂಚೆ ಹಳೇದನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದು, ಹೊಸದನ್ನ ಒಳಗೆ ಮಾತ್ರ ತುಂಬಿ ಹೊರಗೆ ಉಳಿದಿದ್ದನ್ನ ಬಟ್ಟೇಲಿ ಚೊಕ್ಕ ಒರೆಸ್ತೀನಿ. ಅದೇ ಗಾಡಿ, ಅದೇ ರಸ್ತೆ, ನಾಕು ವರ್ಷ ಆತು ಏನೂ ಆಗಿಲ್ಲ.

ಬಿಸ್ಲೆ_ಜಿಪ್ಸಿ
ಹಿಂಜು ತಂದೆ, ಆದ್ರೆ ಒಂದು ತೊಂದ್ರೆ ಆಯ್ತು. ಕೆಳಗಿಂದು ಚೆನ್ನಾಗಿದೆ, ಬಿಗಿಯಾಗಿ ತಿರುಗುತ್ತೆ. ಮೇಲಿಂದು ಅಂಗಡೀಲಿ ನೋಡಿದಾಗ ಸರಿ ಅನ್ನಿಸ್ತು, ಮನೆಗೆ ಬಂದು ಬರ್ಕೊಂಡಿದ್ದ ಅಳತೆಗೆ ಹಿಡಿದ್ರೆ ತೂತು ಸುಮಾರು 2 ಎಂಎಂ ವ್ಯತ್ಯಾಸ ಇದೆ, ಎಲೆನೂ ಹಳೇದಕ್ಕಿಂತ ತೆಳ್ಳಗಿದೆ. ವಾಪಸ್ ತಗೊಳಲ್ಲ ಅಂದ್ರು. ರೌಂಡ್ ಫೈಲಲ್ಲಿ ತೂತು ಸ್ವಲ್ಪ ಉದ್ದ ಮಾಡಿ ಕೂರಿಸ್ಬಹುದಾ?

ಲೇತ್_ಶಿವಮೊಗ್ಗ
ಬೇಡ, ಫೈಲ್ ಮುಟ್ಟಬೇಡಿ. ಜರುಗಿಸಿ ಅಡ್ಜಸ್ಟ್ ಮಾಡ್ಲಿ ಅಂತ ತೂತಲ್ಲಿ ಕಂಪನಿಯೋರೇ ಬೇಕಾದಷ್ಟು ಸಡಿಲ ಕೊಟ್ಟಿರ್ತಾರೆ, ಅದರ ಮೇಲೆ ಇನ್ನೂ 2 ಎಂಎಂ ಉಜ್ಜಿದ್ರೆ ವಾಷರ್ ಕೆಳಗೆ ಹಿಡಿಯೋಕೆ ಜಾಗನೇ ಉಳಿಯಲ್ಲ, 48 ಕೆಜಿ ಎಳೆತ ಇರೋ ದಿಕ್ಕಲ್ಲೇ ಅದು ಜಾರುತ್ತೆ.

ನನ್ನ ಮಾತು ಕೇಳಿ, ನಿಮ್ಮ ಹಳೇ ಮೇಲಿನ ಹಿಂಜನ್ನ ಬಿಸಾಡಬೇಡಿ. ಎಲೆ ದಪ್ಪ ಇದೆ, ನೆಟ್ಟಗಿದೆ, ಸವೆದಿರೋದು ಪಿನ್ನು ಮತ್ತೆ ಗೆಣ್ಣಿನ ತೂತು ಅಷ್ಟೇ. ಬುಷ್ (ಗನ್‌ಮೆಟಲ್ ಅನ್ನೋ ಕಂಚಿನ ಜಾತಿ ಲೋಹದ ಸಣ್ಣ ಕೊಳವೆ) ಹಾಕಿಸಿದ್ರೆ ಮೊದಲಿಗಿಂತ ಚೆನ್ನಾಗಿರುತ್ತೆ, ಯಾಕಂದ್ರೆ ಮೊದಲು ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತಿತ್ತು, ಈಗ ಗನ್‌ಮೆಟಲ್ ಮೇಲೆ ಉಜ್ಜುತ್ತೆ, ಮುಂದೆ ಸವೆದ್ರೂ ಬುಷ್ ಮಾತ್ರ ಬದಲಾಯಿಸಿದ್ರಾಯ್ತು. ಲೇತಿನವ್ರಿಗೆ ಹೀಗೆ ಹೇಳಿ. ಪಿನ್ ತಲೆ ಉಜ್ಜಿ ಹೊರಗೆ ತೆಗೀಬೇಕು. ತೂತು ಅಂಡಾಕಾರ ಆಗಿರುತ್ತೆ, ಹೊಸ ಪಿನ್ ಮಾತ್ರ ಹಾಕಿದ್ರೆ ಅಂಡದೊಳಗೆ ಗುಂಡಗಿರೋದನ್ನ ಹಾಕ್ದಂಗೆ ಆಗುತ್ತೆ, ಹಾಗಾಗಿ ಗೆಣ್ಣನ್ನ ದೊಡ್ಡದಾಗಿ ಬೋರ್ ಮಾಡಿ ಬುಷ್ ಒತ್ತಿ ಕೂರಿಸಿ, ಆಮೇಲೆ ಒಳಗೆ ರೀಮರ್ (ತೂತನ್ನ ಸರಿಯಾದ ಅಳತೆಗೆ ನಯ ಮಾಡೋ ಉಪಕರಣ) ಹೊಡೀಬೇಕು. ಪಿನ್ನಿಗೆ ಇಎನ್8 ಉಕ್ಕಿನ ರಾಡ್ ಸಾಕು. ಬೋರ್ ಮಾಡೋವಾಗ ಸವೆದ ಕಡೆಗೆ ವಾಲದೆ ಮೂಲ ಸೆಂಟರ್ ಹಿಡೀಬೇಕು, ಇದು ಮಾತ್ರ ಒತ್ತಿ ಹೇಳಿ. ಮೇಲಿನ ಪಿನ್ನು ಕೆಳಗಿನ ಪಿನ್ನು ಒಂದೇ ನೇರದಲ್ಲಿ ಇಲ್ಲದಿದ್ರೆ ಬಾಗಿಲು ಅರ್ಧ ತೆಗೆದಾಗ ಬಿಗಿ ಆಗುತ್ತೆ, ಬಿಗಿಯಾದ ಬಾಗಿಲನ್ನ ದಬ್ಬಿ ದಬ್ಬಿ ಬೋಲ್ಟ್ ಸಡಿಲ ಆಗುತ್ತೆ, ಮತ್ತೆ ಮೊದಲಿಂದ ಶುರು.

ಮಸ್ಕತ್_ಕನ್ನಡಿಗ
ನಾನು ಇಲ್ಲಿ ಹಳೇ ಪ್ರಾಡೊ ಇಟ್ಕೊಂಡಿದೀನಿ, ಅದರಲ್ಲೂ ಸ್ಟೆಪ್ನಿ ಬಾಗಿಲ ಮೇಲೇ. ಇಲ್ಲಿ ಮಳೆ ತೀರಾ ಕಮ್ಮಿ, ಆದ್ರೆ ಬಿಸಿಲಿಗೆ ಬಾಗಿಲ ಸುತ್ತಿನ ರಬ್ಬರ್ ಕಲ್ಲಾಗುತ್ತೆ. ಒಂದು ವಿಷಯ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಬಾಗಿಲು ಮುಚ್ಚಿದಾಗ ಭಾರ ಹಿಂಜಿನ ಮೇಲೆ ಮಾತ್ರ ಇರೋದಲ್ಲ, ಲಾಕೂ ಹೊರುತ್ತೆ, ಬಾಗಿಲಿಗೆ ಒತ್ತಿ ಕೂರೋ ರಬ್ಬರ್ ಗುಬಟುಗಳೂ ಹೊರುತ್ತವೆ. ಅವು ಸವೆದು ಚಪ್ಪಟೆ ಆಗಿದ್ರೆ ಪ್ರತಿ ಗುಂಡಿಗೂ ಬಾಗಿಲು ಕುಣಿಯುತ್ತೆ, ಆ ಏಟು ಪೂರ್ತಿ ಹಿಂಜಿಗೆ. ಹಿಂಜು ಮಾಡಿಸೋವಾಗ ಆ ರಬ್ಬರನ್ನೂ ಬದಲಾಯಿಸಿ.

ಧಾರ್ವಾಡ_ಬೊಲೆರೊ
ಇದು ಭಾಳ ಖರೆ ಮಾತ್ರಿ. ನಂದರಾಗ ಉಳಿದಿದ್ದ ಕಾಲು ಭಾಗ ತ್ರಾಸ ಇದಾ ಇರ್ಬೇಕು, ನಾಳೆ ನೋಡ್ತೀನಿ.

ಹಾಸನ_ಹೊಸಬ
ನಡುವೆ ಬಂದು ಕೇಳ್ತಿದೀನಿ ಬೇಜಾರು ಮಾಡ್ಕೋಬೇಡಿ, ಸ್ಟೆಪ್ನಿನೇ ಬಾಗಿಲಿಂದ ತೆಗೆದು ಬಂಪರ್ ಮೇಲೆ ತಿರುಗೋ ಕ್ಯಾರಿಯರ್ ಮಾಡಿಸಿದ್ರೆ ಈ ರಗಳೆನೇ ಇರಲ್ಲ ಅಲ್ವಾ? ಇಲ್ಲಾಂದ್ರೆ ಹಗುರದ ಚಿಕ್ಕ ಟೈರ್ ಸ್ಟೆಪ್ನಿಗೆ?

ಕುಡ್ಲ_4ಬೈ4
ಕ್ಯಾರಿಯರ್ ಒಳ್ಳೆಯದೇ, ಆದರೆ ಅದರ ತಿರುಗುವ ಶಾಫ್ಟ್‌ಗೆ ಬೇರಿಂಗ್ ಹಾಕಿ ಚಾಸಿಗೆ ಕಟ್ಟಿ ಮಾಡುವವರು ಬೇಕು, ಬರೀ ಬಂಪರ್ ಶೀಟ್‌ಗೆ ವೆಲ್ಡ್ ಮಾಡಿದರೆ ಬಂಪರೇ ಜೋತು ಬೀಳ್ತದೆ. ಮತ್ತೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್ ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತೆಗೊಳ್ಳಿ ಅಂತ ರಾಜ್ಯಗಳಿಗೆ ಬರೆದ ಮೇಲೆ ಬಂಪರಿಗೆ ಏನು ಕಟ್ಟಿದರೂ ಚೆಕ್ಕಿಂಗ್‌ನಲ್ಲಿ ಪ್ರಶ್ನೆ ಉಂಟು.

ಚಿಕ್ಕ ಟೈರ್ ಖಂಡಿತ ಬೇಡ. ಜಿಪ್ಸಿಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಟ್ಟಿಗೆ ಲಾಕ್ ಆಗಿ ತಿರುಗುವುದು, ಒಂದು ಚಕ್ರದ ಸುತ್ತಳತೆ ಬೇರೆ ಇದ್ದರೆ ಗೇರ್ ಕೇಸಿಗೆ ಪೆಟ್ಟು. ಕಾಡೊಳಗೆ ಪಂಕ್ಚರ್ ಆಗುವುದೇ ಫೋರ್ ವೀಲ್ ಬೇಕಾದ ಜಾಗದಲ್ಲಿ.

ಕಾಫಿ_ಕಣ
ಸ್ಟೆಪ್ನಿ ಒಳಗೆ ಇಡೋರೂ ಇದಾರೆ. ಇಟ್ರೆ ಬೋಲ್ಟ್ ಹಾಕಿ ಬಿಗೀಲೇಬೇಕು. ಬ್ರೇಕ್ ಹಾಕಿದಾಗ 20 ಕೆಜಿಗಿಂತ ಜಾಸ್ತಿ ಭಾರ ಹಿಂದಿಂದ ಹಾರಿ ಬಂದು ಮುಂದೆ ಕೂತೋರ ಬೆನ್ನಿಗೆ ಬೀಳುತ್ತೆ, ಮಕ್ಕಳು ಕೂರೋ ಗಾಡೀಲಿ ನೆನೆಸ್ಕೊಳ್ಳೋಕೂ ಆಗಲ್ಲ.

ಬಿಸ್ಲೆ_ಜಿಪ್ಸಿ
ಕೆಲಸ ಮುಗೀತು! ಉದ್ದ ಬರೀತೀನಿ, ಮುಂದೆ ಯಾರಿಗಾದ್ರೂ ಬೇಕಾಗುತ್ತೆ.

ಬುಧವಾರ ರಾತ್ರಿಯಿಂದಲೇ ಎಲ್ಲ ಬೋಲ್ಟಿಗೂ ಸ್ಪ್ರೇ ಹೊಡೀತಾ ಬಂದೆ. ಶನಿವಾರ ಬೆಳಗ್ಗೆ ಬಾಗಿಲು ಮುಚ್ಚಿ ಸುತ್ತಲೂ ಸಂದು ಎಷ್ಟಿದೆ ಅಂತ ನಾಲ್ಕು ಮೂಲೇಲೂ ಅಳೆದು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಅಂಟಿಸ್ದೆ, ಹಿಂಜಿನ ಎಲೆ ಸುತ್ತ ಮಾರ್ಕರಲ್ಲಿ ಗೆರೆ ಎಳೆದೆ. ಸ್ಟೆಪ್ನಿ ಇಳಿಸ್ದೆ. ಇಳಿಸಿದ ತಕ್ಷಣ ಬಾಗಿಲು 3 ಎಂಎಂ ತಾನೇ ಮೇಲೆ ಬಂತು, ಅದನ್ನೂ ಬರೆದಿಟ್ಟೆ. ಬಾಗಿಲ ವೈರ್ ಸಾಕೆಟ್ ಬಿಡಿಸಿ, ಬಾಗಿಲು ಪೂರ್ತಿ ತೆಗೆದು ಕೆಳಗೆ ಜಾಕಿ, ಜಾಕಿ ಮೇಲೆ ಹಲಗೆ ತುಂಡು, ಅದರ ಮೇಲೆ ಮಡಿಸಿದ ಗೋಣಿ ಇಟ್ಟು ಬಾಗಿಲಿಗೆ ಮುಟ್ಟೋವರೆಗೂ ಏರಿಸ್ದೆ. ಎರಡೂ ಹಿಂಜು ಒಟ್ಟಿಗೆ ಬಿಚ್ಚಲಿಲ್ಲ, ಒಂದೊಂದೇ.

ಇಲ್ಲಿ ಒಂದು ತಪ್ಪು ಮಾಡ್ದೆ, ನೀವು ಮಾಡ್ಬೇಡಿ. ಅಂಗಳದ ಮಣ್ಣು ಹಿಂದಿನ ದಿನದ ಮಳೆಗೆ ಮೆತ್ತಗಾಗಿತ್ತು, ಜಾಕಿನ ನೇರ ಮಣ್ಣ ಮೇಲೇ ಇಟ್ಟಿದ್ದೆ. ಮೇಲಿನ ಹಿಂಜಿನ ಕೊನೇ ಬೋಲ್ಟ್ ಬಿಟ್ಟ ಕೂಡ್ಲೇ ಜಾಕಿ ಒಂದು ಕಡೆ ಹೂತು ವಾಲ್ತು, ಬಾಗಿಲು ಕೆಳಗಿನ ಹಿಂಜಿನ ಮೇಲೆ ತಿರುಚ್ಕೊಂಡು ಪಕ್ಕದ ಬಾಡಿಗೆ ಉಜ್ಜಿ ಮೂರು ಇಂಚು ಪೇಂಟ್ ಹೋಯ್ತು. ತಮ್ಮ ತಟ್ಟನೆ ಭುಜ ಕೊಟ್ಟ, ಇಲ್ಲಾಂದ್ರೆ ಕೆಳಗಿನ ಹಿಂಜು ಕಿತ್ಕೊಂಡು ಬರ್ತಿತ್ತು. ಆಮೇಲೆ ಜಾಕಿ ಕೆಳಗೆ ಅಗಲದ ಮರದ ಹಲಗೆ ಹಾಕ್ದೆ, ಬಾಗಿಲ ಮೇಲ್ಭಾಗನ ಟಾಪ್ ಕ್ಯಾರಿಯರಿಗೆ ಹಗ್ಗದಲ್ಲಿ ಕಟ್ದೆ. ಹಗ್ಗ ಮೊದಲೇ ಕಟ್ಬೇಕಿತ್ತು. ಉಜ್ಜಿದ ಜಾಗಕ್ಕೆ ಸಂಜೆನೇ ರೆಡ್ ಆಕ್ಸೈಡ್ ಬಳಿದೆ.

ಬೋಲ್ಟಲ್ಲಿ ಒಂದು ಮಾತ್ರ ಕಚ್ಚಿತ್ತು. ಬಲ ಹಾಕಿ ಸಡಿಲಿಸೋಕೆ ಹೋಗ್ಲಿಲ್ಲ, ಮೊದ್ಲು ಒಂದು ಕೂದಲಷ್ಟು ಬಿಗಿ ಮಾಡೋ ಕಡೆಗೇ ತಿರುಗಿಸ್ದೆ, ಟಕ್ ಅಂತು. ಆ ಸದ್ದು ಬಂದ್ಮೇಲೆ ವಾಪಸ್, ಮತ್ತೆ ಮುಂದೆ, ಮತ್ತೆ ವಾಪಸ್, ನಡುನಡುವೆ ಎಣ್ಣೆ, ಹತ್ತು ನಿಮಿಷದಲ್ಲಿ ಬಂತು. ಬಾಡಿ ಒಳಗಿನ ನಟ್ಟಿನ ಥ್ರೆಡ್ಡಲ್ಲಿ ತುಕ್ಕು ತುಂಬಿತ್ತು, ಎಂ8 ಟ್ಯಾಪ್ (ಥ್ರೆಡ್ ಕೊರೆಯೋ ಉಪಕರಣ) ಕೈಲೇ ಬಿಟ್ಟು ಥ್ರೆಡ್ ಚೊಕ್ಕ ಮಾಡ್ದೆ, 1.25 ಪಿಚ್.

ಹಿಂಜು ತಗೊಂಡು ಹಾಸನಕ್ಕೆ ಬೈಕಲ್ಲಿ ಹೋದೆ. ಲೇತಿನವ್ರು ಪಿನ್ ತೆಗೆದು ಕೈಗೆ ಕೊಟ್ರು. ಎರಡು ತುದೀಲೂ ಮೂಲ ದಪ್ಪ ಹಾಗೇ ಇದೆ, ಮಧ್ಯೆ ಸವೆದು ಸೊಂಟ ಬಂದಿದೆ, ಅದೂ ಒಂದೇ ಪಕ್ಕಕ್ಕೆ, ಬೆರಳಾಡಿಸಿದ್ರೆ ಮೆಟ್ಟಿಲು ಸಿಗುತ್ತೆ. ವರ್ನಿಯರ್ ಹಿಡಿದ್ರೆ ಸೊಂಟದಲ್ಲಿ ಒಂದು ಎಂಎಂಗಿಂತ ಜಾಸ್ತಿ ಹೋಗಿತ್ತು. 25 ವರ್ಷದ ತೋಟದ ರಸ್ತೆ ಪೂರ್ತಿ ಆ ಒಂದು ಪಕ್ಕದಲ್ಲಿತ್ತು. ಲೇತಣ್ಣ ಹೇಳಿದ ಮಾತನ್ನ ಹಾಗೇ ಅವರಿಗೆ ಹೇಳ್ದೆ, ಮೂಲ ಸೆಂಟರ್ ಅಂದಿದ್ದಕ್ಕೆ ಅವರೇ ತಲೆ ಎತ್ತಿ ನೋಡಿ "ಯಾರು ಹೇಳಿದ್ರು ಸ್ವಾಮಿ" ಅಂದ್ರು. ಬುಷ್, ಪಿನ್, ಕೂಲಿ ಎಲ್ಲ ಸೇರಿ 700 ರೂಪಾಯಿ ಆಯ್ತು, ಎರಡು ಗಂಟೆ ಕಾಯ್ದೆ. ಆ ಪಿನ್ನನ್ನ ಮನೆಗೆ ತಂದಿದೀನಿ.

ಕೂರಿಸೋವಾಗ ಮೇಲೆ ಹಳೇ ಹಿಂಜು ಹೊಸ ಬುಷ್, ಕೆಳಗೆ ಹೊಸ ಹಿಂಜು. ಬೋಲ್ಟ್ ಎಲ್ಲ ಕೈ ಬಿಗಿ ಮಾತ್ರ ಮಾಡಿ, ಎಲೆನ ಮಾರ್ಕರ್ ಗೆರೆಗೆ ತಂದು, ಬಾಗಿಲು ನಿಧಾನ ಮುಚ್ಚಿ ನೋಡ್ದೆ. ಲಾಕ್ ಕಡೆ ಇನ್ನೂ 2 ಎಂಎಂ ಕೆಳಗಿತ್ತು. ಮೇಲಿನ ಹಿಂಜನ್ನ ಹಿಂಜಿನ ಪಕ್ಕಕ್ಕೇ ಒಂದು ಎಂಎಂಗಿಂತ ಕಮ್ಮಿ ಜರುಗಿಸ್ದೆ, ಲಾಕ್ ನೇರಕ್ಕೆ ಬಂತು, ಲೆಕ್ಕ ಹೇಳಿದ ಹಾಗೇ! ಆಮೇಲೆ ಟಾರ್ಕ್ ರೆಂಚಲ್ಲಿ 25 ನ್ಯೂಟನ್ ಮೀಟರಿಗೆ ಬಿಗಿ ಮಾಡ್ದೆ, ನಾನು ಹಾಕಿದ್ದು 8.8 ಗ್ರೇಡ್ ಬೋಲ್ಟು. ಲಾಕಿನ ಕೊಕ್ಕೆ ಬಿಚ್ಚಿದ್ರೆ ಕೆಳಗೆ ಅದರ ಹಳೇ ಜಾಗದ ಗುರುತು ಪೇಂಟಲ್ಲಿ ಹಾಗೇ ಇತ್ತು, ಅಲ್ಲಿಗೇ ವಾಪಸ್ ತಂದೆ. ರಬ್ಬರ್ ಗುಬಟು ಎರಡೂ ಹೊಸದು ಹಾಕ್ದೆ, ಮಸ್ಕತ್ ಅಣ್ಣಂಗೆ ಥ್ಯಾಂಕ್ಸ್.

ಕೊನೇಗೆ ಪೇಪರ್ ಪಟ್ಟಿ ಪರೀಕ್ಷೆ. ನ್ಯೂಸ್ ಪೇಪರನ್ನ ಎರಡು ಇಂಚು ಅಗಲ ಕತ್ತರಿಸಿ ಬೀಡಿಂಗಿಗೂ ಬಾಗಿಲಿಗೂ ನಡುವೆ ಇಟ್ಟು ಮುಚ್ಚಿ ಎಳೆದು ನೋಡೋದು, ಸುತ್ತಲೂ ಎಲ್ಲ ಕಡೆ ಒಂದೇ ಬಿಗಿ ಇರ್ಬೇಕು. ಕೆಳಗಿನ ಮೂಲೇಲಿ ಮೊದ್ಲು ಪೇಪರ್ ತಾನಾಗೇ ಬೀಳ್ತಿತ್ತು, ಈಗ ಎಳೆದ್ರೆ ಹರಿಯುತ್ತೆ. ಪೈಪ್ ಹಿಡಿದು ಐದು ನಿಮಿಷ ನೀರು ಬಿಟ್ಟೆ, ಒಳಗೆ ಒಂದು ಹನಿ ಬರ್ಲಿಲ್ಲ.

ಸ್ಟೆಪ್ನಿ ಹಾಕಿದ್ಮೇಲೆ ಅಪ್ಪನ್ನ ಕರೆದೆ. ಎತ್ತೋಕೆ ಅಂತ ಎರಡು ಕೈ ಹ್ಯಾಂಡಲಿಗೆ ಹಾಕಿದ್ರು, ಬಾಗಿಲು ಅಷ್ಟಕ್ಕೇ ಮುಚ್ಕೊಂಡ್ಬಿಡ್ತು. ಮತ್ತೆ ತೆಗೆದು ಒಂದು ಕೈಲಿ ಮುಚ್ಚಿದ್ರು. ಏನೂ ಹೇಳ್ಲಿಲ್ಲ, ಮೂರ್ನಾಕು ಸಲ ತೆಗೆದು ಮುಚ್ಚಿ ನೋಡಿ ಒಳಗೆ ಹೋದ್ರು.

ಲೇತ್_ಶಿವಮೊಗ್ಗ
ಓದಿ ತುಂಬಾ ಖುಷಿ ಆಯ್ತು. ಎರಡು ವಿಷಯ. ಬುಷ್ ಹೊಸದರಲ್ಲಿ ಸ್ವಲ್ಪ ಕೂತ್ಕೊಳ್ಳುತ್ತೆ, 500 ಕಿಲೋಮೀಟರ್ ಆದ್ಮೇಲೆ ಬೋಲ್ಟ್ ಮತ್ತೆ ಒಮ್ಮೆ ನೋಡಿ. ಎಲೆ ಅಂಚಿಂದ ಬಾಡಿ ಮೇಲಕ್ಕೆ ಸೇರಿ ಬರೋ ಹಾಗೆ ಒಂದು ಸಣ್ಣ ಪೇಂಟ್ ಗೆರೆ ಎಳೆದಿಡಿ, ಎಲೆ ಜಾರಿದ್ರೆ ಗೆರೆ ಮುರಿದು ಕಾಣುತ್ತೆ.

ಸಂಡೂರ್_ಕೆಂಪುಧೂಳು
ಗ್ರೀಸ್ ಯಾವ್ದು ಹಾಕಿದ್ರಿ?

ಬಿಸ್ಲೆ_ಜಿಪ್ಸಿ
ಸಾಮಾನ್ಯ ಲಿಥಿಯಂ ಗ್ರೀಸೇ. ಪಿನ್ ಹಾಕೋಕ್ ಮುಂಚೆ ಬುಷ್ ಒಳಗೆ ಬೆರಳಲ್ಲಿ ಸವರಿ, ನೀವು ಹೇಳಿದ ಹಾಗೆ ಹೊರಗಿಂದೆಲ್ಲ ಒರೆಸ್ದೆ. ನಮ್ಮಲ್ಲಿ ಧೂಳಿಗಿಂತ ನೀರಿನ ಕಾಟ, ಮಳೆಗಾಲಕ್ಕೆ ಮುಂಚೆ ಒಂದ್ಸಲ ಮುಗಿದ್ಮೇಲೆ ಒಂದ್ಸಲ ತೊಳೆದು ಹಾಕೋಣ ಅಂತ.

ಧಾರ್ವಾಡ_ಬೊಲೆರೊ
ನಾನೂ ರಬ್ಬರ್ ಹಾಕ್ಸಿದೆರಿ, ಸಪ್ಪಳ ಪೂರಾ ನಿಂತು ಹೋತು. ಡಬ್ಬ್ಯಾಗಿನ ಹೊಸಾ ಬಿಜಾಗ್ರಿ ಯಾರಿಗರ ಬೊಲೆರೊಕ್ಕ ಬೇಕಿದ್ರ ಹೇಳ್ರಿ, ಹುಬ್ಬಳ್ಳಿ ಧಾರ್ವಾಡ ಒಳಗಾದ್ರ ನಾನ ತಂದು ಕೊಡ್ತೀನಿ.

ಕಾಫಿ_ಕಣ
ಬಿಸ್ಲೆಯವ್ರೇ, ಒಂದೂವರೆ ತಿಂಗಳು ಆಯ್ತಲ್ಲ, 500 ಕಿಲೋಮೀಟರ್ ಆಗಿರ್ಬೇಕು. ಬೋಲ್ಟ್ ನೋಡಿದ್ರಾ?

ಬಿಸ್ಲೆ_ಜಿಪ್ಸಿ
ನೋಡ್ದೆ ಅಕ್ಕ, ಮೊನ್ನೆ 600 ದಾಟ್ತು. ಮೇಲಿನ ಹಿಂಜಲ್ಲಿ ಒಂದು ಬೋಲ್ಟ್ ಸ್ವಲ್ಪ ತಿರುಗಿ ನಿಲ್ತು, ಮಿಕ್ಕಿದ್ದು ಅಲ್ಲಾಡ್ಲಿಲ್ಲ. ಪೇಂಟ್ ಗೆರೆ ಎಲ್ಲೂ ಮುರಿದಿಲ್ಲ. ನಿನ್ನೆ ರಾತ್ರಿ ಪೂರ್ತಿ ಜೋರು ಮಳೆ, ಬೆಳಗ್ಗೆ ಎದ್ದು ಮೊದ್ಲು ಹಿಂದೆ ಹೋಗಿ ಗೋಣಿ ಚೀಲ ಮುಟ್ಟಿ ನೋಡ್ದೆ, ಒಣಗೇ ಇತ್ತು.